ನಾಲ್ಕು ಅನುಕ್ರಮ ಸಂಖ್ಯೆಗಳ ಲೆಕ್ಕ

ಐವತ್ತರ ದಶಕದ ಕೊನೆಯ ವರ್ಷಗಳು. ಕುಪ್ಪಗಡ್ಡೆಯವಳಾದ ನನ್ನನ್ನು ಅಪ್ಪ ಶಿಕಾರಿಪುರದ ಸೋದರತ್ತೆಯ ಮನೆಯಲ್ಲಿ ಬಿಟ್ಟು ಹೈಸ್ಕೂಲಿಗೆ ಸೇರಿಸಿದ್ದರು. ಎಸ್ಸೆಸ್ಸೆಲ್ಸಿಗೆ ಐಚ್ಛಿಕ ವಿಷಯ ಆರಿಸುವಾಗ ನಾನು ಗಣಿತವೇ ಬೇಕೆಂದು ಹಟ ಹಿಡಿದೆ. ನಮ್ಮ ಶಾಲೆಯಲ್ಲಿ ಅಲ್ಲಿಯವರೆಗೆ ಯಾವ ಹುಡುಗಿಯೂ ಅದನ್ನು ತೆಗೆದುಕೊಂಡಿರಲಿಲ್ಲ.

“ಇತಿಹಾಸ ತಗೊಳ್ಳವ್ವಾ, ಸಲೀಸು,” ಎಂದರು ಗಣಿತದ ಮೇಷ್ಟ್ರು. ಕೆಟ್ಟವರಲ್ಲ, ನಾನು ಫೇಲಾದೇನೆಂಬ ಅಂಜಿಕೆ ಅವರಿಗೆ. ಅತ್ತೆಯಂತೂ, “ಫೇಲಾದ್ರೆ ನಿಮ್ಮಪ್ಪ ಊರಿಗೆ ಕರ್ಕೊಂಡ್ ಹೋಗಿ ಮದುವೆ ಮಾಡ್ತಾನೆ, ನೋಡ್ಕೋ,” ಎಂದು ಹೆದರಿಸಿದರು.

ನಾನು ಬಿಡಲಿಲ್ಲ. ಕೊನೆಗೆ ಒಂದು ಶನಿವಾರ ಮೇಷ್ಟ್ರು ಗಣಿತ ಬೇಕೆಂದವರನ್ನೆಲ್ಲ ಕೂರಿಸಿಕೊಂಡು, ಬೋರ್ಡಿನ ಮೇಲೆ ಬರೆದರು: ‘ನಾಲ್ಕು ಅನುಕ್ರಮ ಸಂಖ್ಯೆಗಳ ಮೊತ್ತ ಸಮಸಂಖ್ಯೆ. ಮೊದಲನೆಯದು ಸಮವೋ ಬೆಸವೋ?’

“ಬೆಸ ಸಾರ್!” ಎಂದ ಒಬ್ಬ ಹುಡುಗ. “ಒಂದು, ಎರಡು, ಮೂರು, ನಾಲ್ಕು. ಕೂಡಿದ್ರೆ ಹತ್ತು.” ಉಳಿದವರೂ ಬೆಸವೆಂದೇ ಕೈ ಎತ್ತಿದರು. ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಾನು ಎರಡರಿಂದ ಶುರುಮಾಡಿ ಐದರವರೆಗೆ ಕೂಡಿದೆ. ಹದಿನಾಲ್ಕು. ಅದೂ ಸಮವೇ!

“ನೀನೇನಂತೀಯವ್ವಾ?”

“ಹೇಳಕ್ಕಾಗಲ್ಲ ಸಾರ್.”

“ಆಗದಿದ್ರೆ ಕೂತ್ಕೋ. ಅದಕ್ಕೇ ಇತಿಹಾಸ ತಗೋ ಅಂದಿದ್ದು.”

ಹುಡುಗರು ನಕ್ಕರು. ಕಣ್ಣಲ್ಲಿ ನೀರು ತುಂಬಿತು, ಆದರೂ ನಾನು ಕೂರಲಿಲ್ಲ.

“ನನಗೆ ಆಗಲ್ಲ ಅಂತಲ್ಲ ಸಾರ್. ಯಾರಿಗೂ ಆಗಲ್ಲ. ನೀವು ಕೊಟ್ಟಿದ್ದು ಸಾಕಾಗಲ್ಲ.”

ನಗು ನಿಂತಿತು. ಮೇಷ್ಟ್ರು ಸೀಮೆಸುಣ್ಣ ಚಾಚಿದರು. ನಾನು ಬೋರ್ಡಿನ ಹತ್ತಿರ ಹೋದೆ. ಮೊದಲನೆಯದನ್ನು ‘ಅ’ ಎಂದಿಟ್ಟುಕೊಂಡೆ. ಉಳಿದವು ಅ+1, ಅ+2, ಅ+3. ಕೂಡಿದರೆ 4ಅ+6.

“‘ಅ’ ಯಾವುದೇ ಇರಲಿ ಸಾರ್, ಅದರ ನಾಲ್ಕರಷ್ಟು ಸಮವೇ. ಆರೂ ಸಮ. ಮೊತ್ತ ಸಮ ಅಂತ ನೀವು ಹೇಳಿದ್ರೂ ಒಂದೇ, ಬಿಟ್ರೂ ಒಂದೇ.”

“ಮೂರೇ ಸಂಖ್ಯೆ ಅಂದಿದ್ರೆ?” ತಟ್ಟನೆ ಕೇಳಿದರು.

3ಅ+3 ಎಂದು ಬರೆದು ಸ್ವಲ್ಪ ಹೊತ್ತು ನೋಡಿದೆ. “‘ಅ’ ಸಮ ಆದ್ರೆ ಮೊತ್ತ ಬೆಸ ಆಗ್ತದೆ ಸಾರ್. ಮೊತ್ತ ಸಮ ಬರಬೇಕಾದ್ರೆ ‘ಅ’ ಬೆಸವೇ ಆಗಿರಬೇಕು. ಇದಕ್ಕಾದ್ರೆ ಕೊಟ್ಟಿದ್ದು ಸಾಕು.”

ಮೇಷ್ಟ್ರು ಹುಡುಗರತ್ತ ತಿರುಗಿದರು. “ಬೇಕಂತಲೇ ಹಂಗೆ ಕೊಟ್ಟಿದ್ದೆ ಕಣ್ರೋ. ಒಬ್ಬರಾದ್ರೂ ಇನ್ನೊಂದು ಸಂಖ್ಯೆ ಹಾಕಿ ನೋಡಿದ್ರಾ?” ಆಮೇಲೆ ನನಗೆ, “ಸೋಮವಾರದಿಂದ ಗಣಿತದ ಕ್ಲಾಸಿಗೆ ಬಾ,” ಎಂದರು. ಮನೆಗೆ ನಡೆದೆನೋ ಓಡಿದೆನೋ ನೆನಪಿಲ್ಲ.

ಆ ವಾರ ಬಂದ ಅಪ್ಪನಿಗೆ ಲೆಕ್ಕ ಅರ್ಥವಾಗಲಿಲ್ಲ, ವಿಷಯ ಅರ್ಥವಾಯಿತು. “ಮೇಷ್ಟ್ರೇ ಒಪ್ಪಿದಾರಲ್ಲ, ಓದು. ಫೇಲಾದ್ರೆ ಇನ್ನೊಂದ್ಸಲ ಪರೀಕ್ಷೆ ಕಟ್ಟು. ಮದುವೆ ಎಲ್ಲಿಗೂ ಓಡಿಹೋಗಲ್ಲ,” ಎಂದರು. ಅತ್ತೆ ಮುಖ ತಿರುಗಿಸಿ ನಕ್ಕರು.

ಆ ವರ್ಷ ನಾನು ಬೀಜಗಣಿತದ ಪುಸ್ತಕದ ಒಂದು ಲೆಕ್ಕವನ್ನೂ ಬಿಡಲಿಲ್ಲ. ಪಾಸಾದೆ. ಮುಂದೆ ಸೊರಬದ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸವೂ ಸಿಕ್ಕಿತು. ಅಲ್ಲಿ ಹುಡುಗಿಯರ ಬೆಂಚು ಗೋಡೆಗೆ ಒತ್ತಿಕೊಂಡು ಎಲ್ಲಕ್ಕಿಂತ ಹಿಂದೆ ಇತ್ತು. ಮೊದಲ ದಿನವೇ ಅದನ್ನು ಮುಂದಕ್ಕೆ ಎಳೆಸಿ, ಪಾಠ ಶುರುಮಾಡಿದೆ.