ಇಲ್ಲದ ದೇಶ, ಇರುವ ಊರು

ಎಮರ್ಜೆನ್ಸಿಯ ಕಾಲ. ನಾನು ತಿಪಟೂರಿನಲ್ಲಿ ಬಿ.ಎ. ಓದುತ್ತಿದ್ದೆ, ತುರುವೇಕೆರೆ ಕಡೆಯ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಆಗ ರಟ್ಟು ಕಿತ್ತುಹೋದ, ಮೊದಲ ಪುಟಗಳೇ ಇಲ್ಲದ ಒಂದು ಕಾದಂಬರಿ ಕೈಗೆ ಸಿಕ್ಕಿತು. ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಎಲ್ಲೂ ಇಲ್ಲದ ಒಂದು ದೇಶದ ಕಥೆ. ಅಲ್ಲಿ ಮನೆಗಳಿಗೆ ಅಗುಳಿ ಹಾಕುವಂತಿಲ್ಲ. ಮನೆಯಲ್ಲಿ ದೊಡ್ಡವರು ಏನೇನು ಮಾತಾಡಿದರೆಂದು ಮಕ್ಕಳು ಪ್ರತಿ ಸೋಮವಾರ ಶಾಲೆಯಲ್ಲಿ ಪ್ರಬಂಧ ಬರೆಯಬೇಕು. ಚೆನ್ನಾಗಿ ಬರೆದವರಿಗೆ ಮಿಠಾಯಿ. ಓದುವಾಗ ಆ ಮಕ್ಕಳ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲಿನಿಂದಲೂ ನನಗೆ ಕೆದಕುವ ಚಾಳಿ. ಒಂದು ಹಾಳೆಯ ನಡುವೆ ಗೆರೆ ಎಳೆದು, ಈ ಕಡೆ ‘ಅಲ್ಲಿ’, ಆ ಕಡೆ ‘ಇಲ್ಲಿ’ ಎಂದು ಬರೆದೆ. ಅಲ್ಲಿ ಪತ್ರಿಕೆಯಲ್ಲಿ ಬರೀ ಒಳ್ಳೆಯ ಸುದ್ದಿ, ಇಲ್ಲೂ ಅಷ್ಟೇ. ಅಲ್ಲಿ ಗೋಡೆಗಳೆಲ್ಲ ಬುದ್ಧಿ ಹೇಳುತ್ತವೆ. ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮಾತು ಕಡಿಮೆ ಮಾಡಿ ಎಂಬ ಬೋರ್ಡು, ಅದರ ಕೆಳಗೇ ಕೂತು ಹರಟುವ ಜನ. ಅಗುಳಿಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ. ನಮ್ಮೂರಲ್ಲಿ ಸರ್ಕಾರ ಹೇಳದೆಯೇ ಹಗಲು ಯಾರೂ ಅಗುಳಿ ಹಾಕುತ್ತಿರಲಿಲ್ಲ. ಇದು ಹೋಲಿಕೆಯೋ ವ್ಯತ್ಯಾಸವೋ ತಿಳಿಯದೆ ಎರಡು ದಿನ ತಲೆ ಕೆರೆದುಕೊಂಡೆ. ಮಕ್ಕಳು ದೂರು ಬರೆಯುವ ಸಾಲಿನ ಎದುರಿಗೆ ಮಾತ್ರ ಠೀವಿಯಿಂದ ‘ಇಲ್ಲ’ ಎಂದು ಬರೆದೆ.

ಕೊನೆಯ ಸಾಲು ನನಗೆ ಬಹಳ ಇಷ್ಟವಾದದ್ದು. ಅಲ್ಲಿ ಓದಬಾರದ ಕಾಗದಗಳನ್ನು ಹಾಳುಬಾವಿಯಲ್ಲಿ ಬಚ್ಚಿಡುತ್ತಾರೆ. ಇಲ್ಲಿ ನಮ್ಮಪ್ಪ ಅಟ್ಟದಲ್ಲಿ. ಅಟ್ಟಕ್ಕೆ ಏರಿಸಿದ ಕಾಯಿ ನೀರು ಬತ್ತಿ ಕೊಬ್ಬರಿಯಾಗಲು ವರ್ಷ ಬೇಕು, ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಸರ್ಕಾರದ ವಿರುದ್ಧದ ಕರಪತ್ರಗಳ ಕಟ್ಟು ಆ ಕಾಯಿಗಳಡಿ ಇತ್ತು. ಅಪ್ಪ ಮತ್ತು ಅವರ ಗೆಳೆಯರೊಬ್ಬರು ಜಗಲಿಯಲ್ಲಿ ಕೂತು ಅದರ ವಿಚಾರ ನನ್ನೆದುರೇ ಮಾತಾಡುತ್ತಿದ್ದರು. ಮಗಳು ಓದಿದವಳೆಂಬ ಹೆಮ್ಮೆಗೆ ಅಪ್ಪ ನನ್ನನ್ನೂ ಕೂರಿಸಿಕೊಂಡು, ನೀನೇನಂತೀಯ ಎಂದು ಕೇಳುತ್ತಿದ್ದರು.

ಪಟ್ಟಿಯನ್ನು ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿದೆ. ಭೇಷ್ ಅನ್ನಿಸಿಕೊಳ್ಳುವ ಆಸೆ. ಅವರು ನಗುನಗುತ್ತಲೇ ಓದಿದರು. ಕೊನೆಯ ಸಾಲಿಗೆ ಬಂದು ಬಾಗಿಲ ಕಡೆ ನೋಡಿದರು.

"ಬೇರೆ ಯಾರಿಗಾದ್ರೂ ತೋರಿಸಿದ್ದೀಯೇನಮ್ಮ?"

"ಇಲ್ಲ ಸಾರ್, ನಿಮಗೇ ಮೊದಲು."

"ನಿಮ್ಮಪ್ಪನ ಮೇಲೆ ಏನಾದ್ರೂ ಕೋಪಾನಾ?"

"ಅಯ್ಯೋ, ಇಲ್ಲ ಸಾರ್. ಯಾಕೆ?"

ಅವರು ಮೇಲಿನ ಸಾಲೊಂದರ ಮೇಲೆ ಬೆರಳಿಟ್ಟರು. ಮಕ್ಕಳು ದೂರು ಬರೆಯುವುದು: ಇಲ್ಲಿ ಇಲ್ಲ. ಆಮೇಲೆ ಹಾಳೆಯನ್ನು ಚೂರುಚೂರು ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಒಂದು ಭೇಷ್‌ಗೋಸ್ಕರ ಅಪ್ಪನನ್ನು ಜೈಲಿಗೆ ಕಳಿಸುವಷ್ಟನ್ನು ದುಂಡಾದ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ.

ಮನೆಗೆ ಬಂದು ಎಲ್ಲಾ ಹೇಳಿ ಅತ್ತೆ. ಅಪ್ಪ ಬೈಯಲಿಲ್ಲ. "ಹೋಗ್ಲಿ ಬುಡವ್ವ, ಆ ಮೇಷ್ಟ್ರು ಒಳ್ಳೇರು" ಅಂದರು. ಅಟ್ಟ ಹತ್ತಿ, ಕಾಯಿ ಸರಿಸಿ, ಕಟ್ಟನ್ನು ಇಳಿಸಿ ಬಚ್ಚಲ ಒಲೆಗೆ ಹಾಕಿದರು. ಮೇಷ್ಟ್ರು ಯಾರಿಗೂ ಹೇಳಲಿಲ್ಲ, ಪೊಲೀಸರೂ ಬರಲಿಲ್ಲ.

ಮಾರನೆಯ ಸಂಜೆ ಅಪ್ಪನ ಆ ಗೆಳೆಯರು ಬಂದರು. ನಾನು ಕಾಫಿ ಹಿಡಿದು ಜಗಲಿಗೆ ಬರುತ್ತಿದ್ದಂತೆ ಅಪ್ಪ ತುಸು ಗಟ್ಟಿಯಾಗಿ, "ಈ ವಾರ ಕೊಬ್ಬರಿ ರೇಟು ಎಂಗೈತಂತೆ?" ಎಂದು ಕೇಳಿದರು. ಲೋಟ ಇಟ್ಟು ಒಳಗೆ ಹೋದೆ. ಎಮರ್ಜೆನ್ಸಿ ಮುಗಿಯಿತು, ಜೈಲಿಗೆ ಹೋದವರು ವಾಪಸ್ಸು ಬಂದು ಭಾಷಣ ಮಾಡಿದರು. ನಾನು ಜಗಲಿಗೆ ಕಾಲಿಟ್ಟರೆ ಅಪ್ಪ ಆಗಲೂ ಕೊಬ್ಬರಿ ರೇಟು ಕೇಳುತ್ತಿದ್ದರು.