ಡೆಲ್ಮರ್ ಕೊಟ್ಟ ಸಲಾಕೆಗಳು

ನನ್ನ ಗಂಡ ಡೆಲ್ಮರ್ ಹಾಫ್‌ಸ್ಟಾಡ್ ಮೊಂಟಾನಾದ ನಮ್ಮ ಕಣಿವೆಯಲ್ಲಿ ನಲವತ್ತೊಂದು ವರ್ಷ ಕೋವಿ ರಿಪೇರಿ ಮಾಡಿದರು. ಬಹುಪಾಲು ಲಿವರ್ ಕೋವಿಗಳು, ಅಂದರೆ ಕುದುರೆಕಾಪಿನ ಬಳಿಯ ಸನ್ನೆ ಎಳೆದು ಗುಂಡು ತುಂಬುವಂಥವು, ಕುದುರೆಯ ಜೀನಿಗೆ ಸಿಕ್ಕಿಸಿಕೊಂಡು ಹೋಗುವಂಥವು. ಊಟಕ್ಕೆ ಕರೆದರೆ ಮೂರನೇ ಸಲಕ್ಕೆ ಬರುತ್ತಿದ್ದರು. ಯಾರ ಮದುವೆಯಾದರೂ ಕೋವಿಯೊಳಗೆ ತೂರಿಸಿ ಉಜ್ಜಲು ತಾವೇ ಮಾಡಿದ ಉಕ್ಕಿನ ಸಲಾಕೆಯೊಂದನ್ನು ಉಡುಗೊರೆ ಕೊಟ್ಟು, "ಪ್ರತಿ ಭಾನುವಾರ ನಳಿಗೆ ಉಜ್ಜಿ" ಎನ್ನುತ್ತಿದ್ದರು.

ಅವರಿಗೆ ಅರವತ್ತೆಂಟಾದ ವರ್ಷ, ಅಕ್ಟೋಬರಿನಲ್ಲಿ, ನೆರೆಯ ಆಗ್ನೆಸ್ ಟ್ವೇಟ್ ತನ್ನ ಅಪ್ಪನ ಕೋವಿ ತಂದು ಮೇಜಿನ ಮೇಲಿಟ್ಟಳು. ಒಂಬತ್ತು ವರ್ಷ ಸರ್ಕಾರದ ಲಾಟರಿಗೆ ಚೀಟಿ ಹಾಕಿದ ಮೇಲೆ ಅವಳಿಗೆ ಗಂಡು ಎಲ್ಕ್, ಅಂದರೆ ಕಡವೆಯಂಥ ದೊಡ್ಡ ಜಿಂಕೆ, ಹೊಡೆಯುವ ಪರವಾನಗಿ ಬಂದಿತ್ತು. ಬೇಟೆಗೆ ಇನ್ನು ನಾಲ್ಕೇ ದಿನ. ಆದರೆ ಆ ಕೋವಿಯ ಗುಂಡುಗಳು ನೂರು ಗಜದಲ್ಲಿ ಊಟದ ತಟ್ಟೆಯಗಲ ಚದುರುತ್ತಿದ್ದವು.

"ಗಾಯ ಮಾಡಿ ಓಡಿಸೋ ಪಾಪ ನನಗೆ ಬೇಡ. ಸರಿಹೋಗ್ಲಿಲ್ಲ ಅಂದ್ರೆ ಪರವಾನಗಿ ಒಲೆಗೆ ಹಾಕ್ತೀನಿ."

"ನಮ್ಮದನ್ನ ತಗೊಂಡು ಹೋಗೇ," ಎಂದೆ.

"ಬೇರೆ ಕೋವಿ ಅಂದ್ರೆ ಹೊಸಾ ಗಂಡ ಇದ್ದಂಗೆ. ಈ ವಯಸ್ಸಲ್ಲಿ ಯಾರು ಪಳಗಿಸ್ತಾರೆ?"

ನಳಿಗೆಯಡಿ ಕೈ ಹಿಡಿಯುವ ಮರ ನಳಿಗೆಗೆ ಒತ್ತಿದರೆ, ಅದು ಬಿಸಿಯಾದಾಗ ಗುಂಡು ದಾರಿ ತಪ್ಪುತ್ತದೆ. ಡೆಲ್ಮರ್ ಮೊದಲು ಆ ಮರವನ್ನು ಒಳಗಿನಿಂದ ಕೆರೆದರು, ಬಿಗಿದ ಪಟ್ಟಿ ಸಡಿಲಿಸಿದರು. ಸ್ವಲ್ಪ ಸುಧಾರಿಸಿತು, ಸಾಲದು. ಎರಡನೇ ದಿನ ಕಡ್ಡಿಗೆ ಹತ್ತಿ ಸುತ್ತಿ ನಳಿಗೆಯ ಬಾಯಿಂದ ಹೊರಗೆಳೆದರು. ಒಂದೇ ಪಕ್ಕಕ್ಕೆ ಎಳೆಗಳು ಸಿಕ್ಕಿಕೊಂಡವು. ಭೂತಗನ್ನಡಿಯಲ್ಲಿ ನೋಡಿದರೆ, ಬಾವಿಯ ಕಲ್ಲಿನಲ್ಲಿ ಹಗ್ಗ ತೇದಂತೆ, ಬಾಯಿಯ ಅಂಚು ಅಲ್ಲಿ ಸವೆದಿತ್ತು; ಹೊರಬೀಳುವ ಗುಂಡು ಅದರಿಂದಲೇ ಓರೆಯಾಗುತ್ತಿತ್ತು. ಲಿವರ್ ಕೋವಿಗೆ ಹಿಂದಿನಿಂದ ಸಲಾಕೆ ತೂರಿಸುವ ದಾರಿಯಿಲ್ಲ, ಬಾಯಿಂದಲೇ ತೂರಿಸಬೇಕು.

ಆಗ್ನೆಸಳನ್ನು ಕರೆಸಿದರು. "ನಳಿಗೆ ಬಾಯಿ ಕಾಲಿಂಚು ಕತ್ತರಿಸಬೇಕು."

"ಅಪ್ಪನ ಕೋವೀನಾ? ಮುಟ್ಟು ನೋಡೋಣ! ಯಾಕೆ ಹೀಗಾಯ್ತು, ಅದನ್ನ ಮೊದಲು ಹೇಳು."

ಕೋವಿ ಹಳೆಯದಾಯಿತು ಎಂದು ಡೆಲ್ಮರ್ ಅಂದಿದ್ದರೆ ಅವಳು ನಂಬುತ್ತಿದ್ದಳು. ನಾನು ಹಿಟ್ಟು ನಾದುತ್ತಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಸಲಾಕೆ ತಗಲಿ ಸವೆದಿದೆ. ಹಾಗೆ ಉಜ್ಜೋಕೆ ಹೇಳಿಕೊಟ್ಟೋನು ನಾನು."

"ನಿನ್ನ ಮದುವೆ ಉಡುಗೊರೆನಾ?"

"ಹೂಂ."

"ಹಾಳಾದೋನೆ! ಮೂವತ್ತು ವರ್ಷ ಒಂದು ಭಾನುವಾರ ಬಿಟ್ಟಿಲ್ಲ ನಾನು." ಕುರ್ಚಿ ಎಳೆದು ಕೂತಳು. ಕೋವಿಯನ್ನು ಅವರತ್ತ ತಳ್ಳಿದಳು. "ಕತ್ತರಿಸು. ಕೂದಲೆಳೆ ಹೆಚ್ಚಾದ್ರೂ ನಿನ್ನ ಮೂಗು ಕತ್ತರಿಸ್ತೀನಿ."

ಡೆಲ್ಮರ್ ಕತ್ತರಿಸಿ, ಅರದಿಂದ ಸಮ ಮಾಡಿ, ದುಂಡುತಲೆಯ ಹಿತ್ತಾಳೆ ಸ್ಕ್ರೂಗೆ ಅರೆಯುವ ಪುಡಿ ಹಚ್ಚಿ, ಅಂಚು ಸುತ್ತಲೂ ಒಂದೇ ಸಮವಾಗುವಂತೆ ಸಂಜೆಯವರೆಗೆ ಬಾಯಿಯ ಮೇಲೆ ತಿರುಗಿಸಿದರು. ಬೆಳಿಗ್ಗೆ ಐದು ಗುಂಡುಗಳು ಒಂದು ಕಾಫಿ ಲೋಟದ ಬಾಯಿಯಷ್ಟರಲ್ಲಿ ಬಿದ್ದವು. ಬೇಟೆಯ ಎರಡನೇ ದಿನ ಆಗ್ನೆಸ್ ಒಂದೇ ಗುಂಡಿಗೆ ಎಲ್ಕ್ ಕೆಡವಿದಳು.

ಆಮೇಲೆ ಡೆಲ್ಮರ್ ಸಲಾಕೆ ಕೊಟ್ಟಿದ್ದ ಉಳಿದ ಹತ್ತೊಂಬತ್ತು ಮನೆಗಳಿಗೂ ಹೋಗಿ, "ನಾನು ತಪ್ಪು ಹೇಳಿಕೊಟ್ಟೆ" ಎಂದು ಬಂದರು. ಹನ್ನೊಂದು ಕೋವಿಗಳ ಬಾಯಿ ಸವೆದಿತ್ತು, ಆ ಚಳಿಗಾಲ ಪೂರ್ತಿ ಅವನ್ನೇ ತಿದ್ದಿದರು. ಇನ್ನೆಂಟು ಮನೆಯವರು ಸಲಾಕೆಯನ್ನು ಮುಟ್ಟಿಯೇ ಇರಲಿಲ್ಲ. ಅವರ ಕೋವಿಗಳು ನೆಟ್ಟಗೆ ಹೊಡೆಯುತ್ತಿದ್ದವು.