ಹನ್ನೊಂದು ಮಕ್ಕಳ ಜಖಾರ್

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ವ್ಯಾತ್ಕಾ ನದಿಯ ದಂಡೆಯ ಆ ಊರಿನ ನೋಂದಣಿ ಕಚೇರಿಯಲ್ಲಿ, ಎರಡನೇ ಕಿಟಕಿಯ ಹುಡುಗಿ ಸ್ನೆಝಾನಾ ಎರಡು ಪಾಸ್‌ಪೋರ್ಟುಗಳನ್ನು ಪಕ್ಕಪಕ್ಕದಲ್ಲಿ ಬಿಚ್ಚಿಟ್ಟುಕೊಂಡು, ಮುಖ ಅರಳಿಸಿ, ಇಡೀ ಹಜಾರಕ್ಕೆ ಕೇಳುವ ಹಾಗೆ ಅಂದಳು:

"ಅಣ್ಣ-ತಂಗಿ ಜೊತೇಲೇ ಬಂದಿದ್ದೀರಲ್ಲ, ಎಷ್ಟು ಚೆನ್ನಾಗಿದೆ! ಜನನಪತ್ರದ ನಕಲು ತಾನೆ? ಅದು ನಾಲ್ಕನೇ ಕಿಟಕಿ."

ಕಿಟಕಿಯ ಈಚೆ ನಿಂತಿದ್ದ ಹುಡುಗನ ಕೋಟಿನ ತೋಳಿಗೆ ಬ್ರೆಡ್ ಕಾರ್ಖಾನೆಯ ಹಿಟ್ಟು ಇನ್ನೂ ಮೆತ್ತಿಕೊಂಡಿತ್ತು.

"ನಕಲಲ್ಲ. ಮದುವೆ."

"ಯಾರದು?"

"ನಮ್ಮದು."

ಹಜಾರದಲ್ಲಿ ಏಳೆಂಟು ಜನ ಕೂತಿದ್ದರು. ಹುಟ್ಟು, ಮದುವೆ, ಸಾವು ಮೂರಕ್ಕೂ ಅಲ್ಲಿ ಒಂದೇ ಬೆಂಚು. ಗಂಡನ ಸಾವು ಬರೆಸಲು ಬಂದಿದ್ದ ಮುದುಕಿಯೊಬ್ಬಳು ಪಕ್ಕದವಳ ಕಡೆ ಬಾಗಿದಳು.

"ನಮ್ಮೋನು ಅವಸರ ಮಾಡಿಬಿಟ್ಟ ನೋಡಮ್ಮಾ. ಇಂಥದ್ದೊಂದಿದೆ ಅಂತ ಗೊತ್ತಿದ್ದಿದ್ರೆ ಇನ್ನೊಂದು ವಾರ ತಡ್ಕೋತಿದ್ದ."

ಸ್ನೆಝಾನಾ ಕಿವಿಯವರೆಗೂ ಕೆಂಪಾಗಿ ಪಾಸ್‌ಪೋರ್ಟುಗಳನ್ನು ಮತ್ತೆ ನೋಡಿದಳು. ಹುಡುಗನದು ತೀಖನ್ ಜಖಾರೊವಿಚ್ ಸ್ನೆಗಿರ್ಯೋವ್. ಹುಡುಗಿಯದು ಪೆಲಗೇಯಾ ಜಖಾರೊವ್ನಾ ಮಾರ್ತೋವಾ. ಮನೆತನದ ಹೆಸರು ಬೇರೆ, ಸರಿ. ಆದರೆ ನಡುವೆ ಕೂತಿದ್ದ ತಂದೆಯ ಹೆಸರು ಒಂದೇ: ಜಖಾರನ ಮಗ, ಜಖಾರನ ಮಗಳು. ಹುಟ್ಟಿದ ಊರು ಒಂದೇ. ಹುಟ್ಟಿದ್ದು ನಾಲ್ಕು ತಿಂಗಳ ಹಿಂದುಮುಂದು.

"ನಿಮ್ಮ ತಂದೆಯವರು..." ಎಂದು ಶುರುಮಾಡಿದಳು.

"ನಮಗೆ ಇಲ್ಲ," ಅಂದ ತೀಖನ್. "ಇಬ್ಬರೂ ಅನಾಥಾಲಯದವರು. ಅವಳು ಇಲ್ಲೇ ಬೆಳೆದಳು, ನನ್ನನ್ನ ಆಚೆ ಜಿಲ್ಲೆಗೆ ಕಳಿಸಿದ್ರು. ಕಾರ್ಖಾನೆಯಲ್ಲಿ ಪರಿಚಯ ಆಯ್ತು. ನಿಮ್ಮಪ್ಪನೂ ಜಖಾರ, ನಮ್ಮಪ್ಪನೂ ಜಖಾರ, ಎಲ್ಲೋ ಕೂತು ಒಟ್ಟಿಗೆ ಕುಡೀತಿರ್ತಾರೆ ಅಂತ ತಮಾಷೆ ಮಾಡ್ಕೊಂಡಿದ್ವಿ."

ತಮಾಷೆಯಾಗಿದ್ದದ್ದು ಕಿಟಕಿಯ ಮುಂದೆ ಹೇಳಿದ ಕೂಡಲೇ ಸರಕಾರಿ ಮಾತಾಯಿತು. ಪೆಲಗೇಯಾಳ ಕೈಯಲ್ಲಿ ಹೆರಿಗೆ ಚಿಕಿತ್ಸಾಲಯದ ಚೀಟಿ ಇತ್ತು. ಹದಿನಾಲ್ಕು ವಾರ. ಆ ಚೀಟಿ ತೋರಿಸಿದರೆ ಒಂದು ತಿಂಗಳು ಕಾಯದೆ ಮದುವೆ ನೋಂದಾಯಿಸಬಹುದು ಎಂದೇ ಅವರು ಬಂದಿದ್ದರು. ಅವಳು ಚೀಟಿಯನ್ನು ಕೊಡಲಿಲ್ಲ. ನಾಲ್ಕಾಗಿ ಮಡಚಿ ಹೊಟ್ಟೆಯ ಮೇಲೆ ಒತ್ತಿಹಿಡಿದುಕೊಂಡಳು.

"ರಕ್ತ ಪರೀಕ್ಷೆ ಮಾಡಿಸ್ಬಹುದು," ಅಂದಳು ಸ್ನೆಝಾನಾ, ಏನಾದರೂ ಒಳ್ಳೆಯದು ಹೇಳಬೇಕೆಂದು. "ಎರಡು ತಿಂಗಳಲ್ಲಿ ಉತ್ತರ ಬರತ್ತೆ."

"ಎರಡು ತಿಂಗಳು ಇವನ ಪಕ್ಕ ನಾನು ಹೆಂಗೆ ಮಲಗ್ಲಿ?" ಅಂದಳು ಪೆಲಗೇಯಾ.

ಐದನೇ ಕಿಟಕಿಯಲ್ಲಿ ರಿಮ್ಮಾ ಯೆವ್‌ಸೇವ್ನಾ ದ್ರೊಜ್ದೋವಾ ಒಂದು ಮರಣಪತ್ರಕ್ಕೆ ಮುದ್ರೆ ಒತ್ತುತ್ತಿದ್ದಳು. ಎಲ್ಲವೂ ಕೇಳಿಸಿತ್ತು. ಕೈ ನಿಲ್ಲಲಿಲ್ಲ. ಮುದ್ರೆ ಒತ್ತಿ, ಶಾಯಿ ಆರಲೆಂದು ಎರಡು ಸಲ ಊದಿ, ಪತ್ರವನ್ನು ಕೊಟ್ಟು, ಆಮೇಲೆ ಎದ್ದಳು.

ಆ ಕಚೇರಿಯಲ್ಲಿ ಅವಳು ಸವೆಸಿದ್ದು ಮೂವತ್ತಮೂರು ವರ್ಷ, ರೀಮುಗಟ್ಟಲೆ ಕಾಗದ. ರಿಮ್ಮಾಳಿಗೆ ರೀಮು, ಹೆಸರಿಗೆ ತಕ್ಕ ಕೆಲಸವೇ. ಈ ಮೂವತ್ತಮೂರು ವರ್ಷಗಳಲ್ಲಿ ಅವಳಿಗೆ ಬೇಕಾದದ್ದು ಎರಡೇ ವಾಕ್ಯ: ಮಗು ಹುಟ್ಟಿದವರಿಗೂ ಮದುವೆಯಾದವರಿಗೂ "ಅಭಿನಂದನೆಗಳು", ಸತ್ತವರ ಕಡೆಯವರಿಗೆ "ಇಲ್ಲಿ ಸಹಿ ಮಾಡಿ". ಒಮ್ಮೆ ಇವೆರಡು ಅದಲುಬದಲಾಗಿ, ಹೆಂಡತಿ ತೀರಿಕೊಂಡವನಿಗೆ ಅಭಿನಂದನೆ ಸಂದಿತು. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಅವನೇ "ಪರವಾಗಿಲ್ಲ ಬಿಡಿ" ಎಂದು ಅವಳನ್ನು ಸಮಾಧಾನ ಮಾಡಿ ಹೋದ. ಇಪ್ಪತ್ತಾರನೇ ವಯಸ್ಸಿನಲ್ಲಿ ಅವಳದೂ ಒಂದು ಮದುವೆಯಾಗಿತ್ತು, ಹತ್ತೊಂಬತ್ತು ತಿಂಗಳು ನಡೆಯಿತು. ವಿಚ್ಛೇದನವನ್ನು ರಿಜಿಸ್ಟರಿನಲ್ಲಿ ಅವಳೇ ಬರೆದಳು, ಏಕೆಂದರೆ ಆ ದಿನ ಡ್ಯೂಟಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬರವಣಿಗೆ ಎಂದಿನಂತೆ ದುಂಡಗಿತ್ತು. ನಾಲ್ಕನೇ ಮಹಡಿಯ ಒಂದು ಕೋಣೆಯ ಮನೆಯಲ್ಲಿ ಸಂಜೆ ಹುರುಳಿಯಂಥ ಗ್ರೇಚ್ಕಾ ಬೇಯಿಸಿಕೊಂಡು, ಸದ್ದು ನಿಲ್ಲಿಸಿದ ಟಿವಿಯ ಮುಂದೆ ಕೂತು ತಿನ್ನುತ್ತಿದ್ದಳು. ದುಃಖವೇ ಎಂದರೆ ಅಲ್ಲ. ಪಾದ ಜೋಮು ಹಿಡಿದ ಹಾಗೆ. ಕುಟ್ಟಿದರೆ ಸದ್ದು ಬರುತ್ತದೆ, ನೋವು ಬರುವುದಿಲ್ಲ.

ಊರಿನವರಿಗೆ ಮಾತ್ರ ಅವಳು ಬೇಕಾದವಳು. ಅವಳ ಮೇಜಿನ ಗಾಜಿನ ಕೆಳಗೆ ರಟ್ಟು ಕಳೆದುಕೊಂಡ ಹೆಸರುಗಳ ಪುಸ್ತಕವೊಂದಿತ್ತು. ಅದನ್ನು ಅವಳು ತೆರೆದದ್ದು ಯಾರೂ ನೋಡಿಲ್ಲ, ತೆರೆಯುವ ಅಗತ್ಯವಿರಲಿಲ್ಲ. ಮಗುವನ್ನೆತ್ತಿಕೊಂಡು ಬಂದವರು ಕೇಳುತ್ತಿದ್ದರು, ಅವಳು ರೈಲ್ವೆ ನಿಲ್ದಾಣದ ಪ್ರಕಟಣೆಯಂತೆ ಹೇಳುತ್ತಿದ್ದಳು: "ಪಾವೆಲ್. ಲ್ಯಾಟಿನ್. ಚಿಕ್ಕವನು. ಕ್ಸೇನಿಯಾ. ಗ್ರೀಕ್. ಹೊರಗಿನವಳು. ಮಾತ್ವೇಯ್. ಹೀಬ್ರೂ. ದೇವರು ಕೊಟ್ಟದ್ದು. ಮುಂದಿನವರು."

ಎದೆ ಉಬ್ಬಿಸಿಕೊಂಡು ಬಂದ ಒಬ್ಬ ಅಪ್ಪನಿಗೆ ಇದು ಸರಿಬರಲಿಲ್ಲ.

"ಇದೇನ್ರೀ, ಎಲ್ಲಾ ಪರದೇಶದ್ದೇ? ನನ್ನ ಮಗನಿಗೆ ಅಪ್ಪಟ ನಮ್ಮ ಹೆಸರೇ ಬೇಕು. ಇವಾನ್ ಅಂತ ಬರೀರಿ."

"ಹೀಬ್ರೂ," ಅಂದಳು ರಿಮ್ಮಾ, ಬರೆಯುತ್ತ.

"ಹಾಗಾದ್ರೆ ನಮ್ಮದು ಅಂತ ಇರೋದು ಯಾವುದು?"

"ನಿಮ್ಮ ಮನೆತನದ ಹೆಸರು. ಬೇಡ ಅಂದ್ರೆ ಅದನ್ನ ಬದಲಾಯಿಸೋಕೆ ಬೇರೆ ಫಾರಂ ಇದೆ."

ಸ್ನೆಝಾನಾ ಕೆಲಸಕ್ಕೆ ಸೇರಿದ ವಾರ ಸಲಿಗೆಯಿಂದ ಕೇಳಿದ್ದಳು: "ರಿಮ್ಮಾ ಅಂದ್ರೇನು, ರಿಮ್ಮಾ ಯೆವ್‌ಸೇವ್ನಾ? ಹೂವಾ?"

"ಗಂಡಸು," ಅಂದಳು ರಿಮ್ಮಾ. "ಚರ್ಚಿನ ಪಂಚಾಂಗದಲ್ಲಿ ಗಡ್ಡ ಬಿಟ್ಟಿರೋ ಹುತಾತ್ಮ. ನಮ್ಮಮ್ಮನಿಗೆ ಗೊತ್ತಿರ್ಲಿಲ್ಲ."

ತೊಂಬತ್ತೈದರಿಂದ ತೊಂಬತ್ತೊಂಬತ್ತರವರೆಗೆ ಆ ಊರಿನಲ್ಲಿ ಮಕ್ಕಳನ್ನು ಬಿಟ್ಟುಹೋಗುವುದು ಹೆಚ್ಚಾಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ, ನಿಲ್ದಾಣದ ಬೆಂಚಿನ ಮೇಲೆ, ಅಂಗಡಿಯ ಬಾಗಿಲಲ್ಲಿ. ಮಗುವಿನ ಹಿಂದೆಯೇ ಪೊಲೀಸರ ಒಂದು ಹಾಳೆ ಬರುತ್ತಿತ್ತು. ತಾಯಿ: ಒಂದು ಗೀಟು. ತಂದೆ: ಒಂದು ಗೀಟು. ಆದರೆ ಮಗುವಿಗೆ ಗೀಟು ಇಡುವಂತಿರಲಿಲ್ಲ. ಅದಕ್ಕೆ ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೂರೂ ಬೇಕು. ಮೂರನ್ನೂ ತುಂಬುವುದು ಐದನೇ ಕಿಟಕಿಯ ಕೆಲಸ. ರಿಮ್ಮಾಳಿಗಿಂತ ಮುಂಚೆ ಅಲ್ಲಿದ್ದವಳು ಅಂಥ ಮಕ್ಕಳಿಗೆಲ್ಲ "ಸಿಕ್ಕಿದವನು" ಎಂಬರ್ಥದ ಮನೆತನದ ಹೆಸರು ಕೊಟ್ಟು, ಅವರು ಹೋದಲ್ಲೆಲ್ಲ ಊರಿಗೆ ಗೊತ್ತಾಗುವ ಹಾಗೆ ಮಾಡಿದ್ದಳು. ರಿಮ್ಮಾ ಹಾಗೆ ಮಾಡಲಿಲ್ಲ. ನವೆಂಬರಿನಲ್ಲಿ ಸಿಕ್ಕ ಗಂಡುಮಗು ಅಳದೆ ಸುಮ್ಮನಿತ್ತು. ತೀಖನ್ ಎಂದು ಬರೆದಳು. ಪುಸ್ತಕದ ಪ್ರಕಾರ ಅದು ಗ್ರೀಕ್, ಅದೃಷ್ಟ ಎಂದರ್ಥ. ರಷ್ಯನ್ ಕಿವಿಗೆ ಮಾತ್ರ ಮೌನಿ ಎಂದೇ ಕೇಳಿಸುತ್ತದೆ. ಕಿಟಕಿಯ ಆಚೆ ಕೆಂಪೆದೆಯ ಸ್ನೆಗಿರ್ ಹಕ್ಕಿ ಕೂತಿತ್ತು, ಮನೆತನದ ಹೆಸರೂ ಆಯಿತು. ಮಾರ್ಚಿನಲ್ಲಿ ಮೀನಿನಂಗಡಿಯ ಬಾಗಿಲಲ್ಲಿ ಸಿಕ್ಕ ಹೆಣ್ಣುಮಗು ಪೆಲಗೇಯಾ, ಗ್ರೀಕಿನಲ್ಲಿ ಕಡಲಿನವಳು. ಐದು ವರ್ಷದಲ್ಲಿ ಇಂಥವು ಹನ್ನೊಂದು. ಹನ್ನೊಂದಕ್ಕೂ ಅಪ್ಪ ಜಖಾರ್. ಹೆಸರಿಗೆ ಮಾತ್ರ ಅಪ್ಪ ಎನ್ನುತ್ತೇವಲ್ಲ, ಅವನು ಅಕ್ಷರಶಃ ಅಷ್ಟೇ.

ಕಚೇರಿಯ ಹೆಂಗಸರು ಇದನ್ನು ಕಂಡುಹಿಡಿದು ತಮ್ಮಲ್ಲೇ ಕತೆ ಹೆಣೆದಿದ್ದರು. ಜಖಾರ್ ಎಂಬೊಬ್ಬನಿದ್ದ. ದೋಣಿಯ ಮೇಲೆ ಕೆಲಸ. ಮುಳುಗಿದ. ಇವಳಿಗೆ ಅವನಿಂದ ಆಗದ ಮಕ್ಕಳು ಇವು. ಫೆಬ್ರವರಿಯಲ್ಲಿ ಜಖಾರ್ ಎಂಬ ಸಂತನ ದಿನ, ಆ ಹೆಸರಿನವರೆಲ್ಲರ ನಾಮದಿನ, ಬಂದರೆ ಯಾರೋ ಒಬ್ಬರು ಎಲೆಕೋಸಿನ ಕಡುಬು ತಂದು ಅವಳ ಮೇಜಿನ ಮೇಲಿಟ್ಟು, ಭುಜ ಮುಟ್ಟಿ, ಮಾತಾಡದೆ ಹೋಗುತ್ತಿದ್ದರು. ರಿಮ್ಮಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಡುಬು ತಿಂದಳು.

ಈಗ ಅವಳು ನೆಲಮಾಳಿಗೆಗೆ ಇಳಿದು, ಹತ್ತು ನಿಮಿಷದಲ್ಲಿ ಎರಡು ಕಡತ ಹಿಡಿದು ಬಂದು, ಎರಡನೇ ಕಿಟಕಿಯ ಮುಂದೆ ಬಿಚ್ಚಿಟ್ಟಳು.

"ಇಲ್ಲಿ ನೋಡಿ. ಪೊಲೀಸರ ಹಾಳೆ. ತಂದೆ ಅನ್ನೋ ಕಡೆ ಗೀಟು. ಕೆಳಗಿನ ಫಾರಂನಲ್ಲಿ ಜಖಾರ್. ಅದು ನನ್ನ ಕೈಬರಹ. ಇನ್ನೊಂದರಲ್ಲೂ ಹಾಗೇ. ನಾನೇ ತುಂಬಿದ್ದು."

ತೀಖನ್ ಬಗ್ಗಿ ನೋಡಿದ. ಉಸಿರು ಬಿಟ್ಟ ಸದ್ದು ಬೆಂಚಿನವರೆಗೂ ಕೇಳಿಸಿತು.

"ನೋಡು ಪೆಲಗೇಯಾ! ಗೀಟು. ನಮ್ಮಪ್ಪನೂ ಗೀಟು, ನಿಮ್ಮಪ್ಪನೂ ಗೀಟು. ಮುಗೀತು, ಚೀಟಿ ಕೊಡು."

"ಎರಡು ಗೀಟೂ ಒಬ್ಬನೇ ಆಗಿದ್ರೆ?" ಅಂದಳು ಪೆಲಗೇಯಾ.

"ನಾಲ್ಕು ತಿಂಗಳ ಅಂತರದಲ್ಲಿ ಹೆಂಗೆ..."

"ಅಮ್ಮ ಬೇರೆ ಅಂತ ಲೆಕ್ಕ ಹಾಕ್ಬಹುದು. ಅಪ್ಪನಿಗೆ ಒಂಬತ್ತು ತಿಂಗಳು ಬೇಡವಲ್ಲ."

ಬೆಂಚಿನ ಮುದುಕಿ ತಲೆದೂಗಿದಳು. "ಬುದ್ಧಿವಂತೆ. ನಮ್ಮೋನಿಗೆ ಒಂದು ವಾರವೂ ಬೇಕಿರ್ಲಿಲ್ಲ."

"ಹನ್ನೊಂದು ಜನಕ್ಕೆ ಇದೇ ಹೆಸರು ಬರೆದಿದ್ದೀನಿ," ಅಂದಳು ರಿಮ್ಮಾ. "ನೀವಿಬ್ಬರೇ ಅಲ್ಲ."

ಇದರಿಂದ ಸಮಾಧಾನವಾಗಬೇಕಿತ್ತು. ಪೆಲಗೇಯಾ ಇನ್ನಷ್ಟು ಬಿಳಿಚಿದಳು.

"ಸುಮ್ಮನೆ ಯಾರಾದ್ರೂ ಒಂದೇ ಹೆಸರನ್ನ ಹನ್ನೊಂದು ಸಲ ಬರೀತಾರಾ? ನಿಮಗೆ ಏನೋ ಗೊತ್ತಿತ್ತು. ಯಾರೋ ಬಂದು ಹೇಳಿದ್ರು. ಇಲ್ಲ ಅಂದ್ರೆ, ಅವನೇ ಬಂದಿದ್ದ." ಸ್ವಲ್ಪ ತಡೆದು, ಧ್ವನಿ ಇಳಿಸಿದಳು. "ಅನಾಥಾಲಯದ ಗ್ರಂಥಾಲಯದಲ್ಲಿ ನಾನು ಅರ್ಥ ನೋಡಿದ್ದೆ. ಜಖಾರ್, ಹೀಬ್ರೂ, ದೇವರು ನೆನಪಿಟ್ಟುಕೊಂಡವನು. ಅಷ್ಟು ಮಕ್ಕಳಲ್ಲಿ ನನ್ನೊಬ್ಬಳನ್ನ ಯಾರೋ ನೆನಪಿಟ್ಕೊಂಡು ಬರೆಸಿದ್ದಾರೆ ಅಂದ್ಕೊಂಡಿದ್ದೆ. ಅವನು ನಿಜವಾಗ್ಲೂ ಇದ್ದಿದ್ರೆ ಇವತ್ತು ಮದುವೆ ಇಲ್ಲ. ಇರ್ಲಿಲ್ಲ ಅಂದ್ರೆ ಆ ನೆನಪೂ ಇಲ್ಲ. ಎರಡರಲ್ಲಿ ಯಾವುದಾದ್ರೂ ಒಂದು ಹೇಳಿ. ಜಖಾರ್ ಯಾರು?"

ಸ್ನೆಝಾನಾ ಕುರ್ಚಿಯನ್ನು ಹತ್ತಿರಕ್ಕೆಳೆದಳು. ಮೂರನೇ ಕಿಟಕಿಯವಳು ಪೆನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷ ಕಡುಬು ತಂದ ಕಚೇರಿ ಅದು. ಕೇಳುವ ಹಕ್ಕು ಅವರಿಗೂ ಇತ್ತು.

ದೋಣಿಯವನ ಕತೆ ರಿಮ್ಮಾಳ ಬಾಯಿಯವರೆಗೆ ಸಿದ್ಧವಾಗಿ ಬಂದು ನಿಂತಿತ್ತು. ಪ್ರೀತಿಸಿದವನು, ಮುಳುಗಿದವನು, ಈ ಊರಿನ ಯಾವ ಮಗುವಿಗೂ ಅಪ್ಪನಾಗಿರಲು ಸಾಧ್ಯವಿಲ್ಲದವನು. ಆ ಮಾತಿನಿಂದ ಮದುವೆಯೂ ಉಳಿಯುತ್ತಿತ್ತು, ಹುಡುಗಿಯ ನೆನಪಿನ ದೇವರೂ ಉಳಿಯುತ್ತಿದ್ದ. ಅದನ್ನು ಹೇಳಿದರೆ ತನಗೆ ಏನಾದರೂ ಅನ್ನಿಸುತ್ತದೆಯೇ ಎಂದು ಒಳಗೆ ಒಮ್ಮೆ ಕುಟ್ಟಿ ನೋಡಿಕೊಂಡಳು. ಏನೂ ಅನ್ನಿಸಲಿಲ್ಲ. ಅನ್ನಿಸದ ಮೇಲೆ ಸುಳ್ಳು ಹೇಳುವುದು ಬರೀ ಶ್ರಮ.

"ನಿಮ್ಮ ಹಾಳೆ ತುಂಬ್ತಿದ್ದಾಗ ಕಿಟಕಿ ಕೆಳಗೆ ಯಾರೋ ಕೂಗ್ತಿದ್ದ," ಅಂದಳು. "'ಜಖಾರ್, ಲಾರಿ ತೆಗೀ' ಅಂತ."

ಮೂರನೇ ಕಿಟಕಿಯವಳು ಪೆನ್ನನ್ನು ಎತ್ತಿಕೊಂಡಳು. ಪೆಲಗೇಯಾ ಬಹಳ ಹೊತ್ತು ರಿಮ್ಮಾಳ ಮುಖವನ್ನೇ ನೋಡಿದಳು, ಅಲ್ಲಿ ಇನ್ನೇನಾದರೂ ಬರೆದಿದೆಯೇ ಎಂದು ಹುಡುಕುವವಳಂತೆ. ಆಮೇಲೆ ಮಡಚಿದ ಚೀಟಿಯನ್ನು ಬಿಡಿಸಿ, ಅಂಗೈಯಿಂದ ನೇವರಿಸಿ ಸಪಾಟು ಮಾಡಿ, ಸ್ನೆಝಾನಾಳ ಕಡೆ ಸರಿಸಿದಳು.

"ಹನ್ನೊಂದು ಸಲವೂ?" ಎಂದು ಕೇಳಿದಳು.

"ಅವನು ದಿನಾ ಅಲ್ಲೇ ನಿಲ್ಲಿಸ್ತಿದ್ದ," ಅಂದಳು ರಿಮ್ಮಾ.